ಹೆಂಜೇರಿನ ಕೊನೆಯ ದೊರೆ ಯಾರು?



ವಾರ್ಷಿಕೋತ್ಸವದ ಸಂಚಿಕೆಗೆ ಏನಾದ್ರೂ ಬರೆದುಕೊಡು ಅಂತ ಗೆಳೆಯರು ಕೇಳಿದಾಗ ಮೊದಲು ಬಾಬಾಸಾಹೇಬರ ಜೀವನದ ಬಗ್ಗೆಯೇ ಬರೆಯೋಣ ಅಂದುಕೊಂಡೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಸಂಘದಲ್ಲೇ ಇದ್ದಾರೆ. ನಾನು ಬಿ.ಎ.ಯಲ್ಲಿ ಇತಿಹಾಸ ಓದುತ್ತಿರುವ ವಿದ್ಯಾರ್ಥಿ. ಅದಕ್ಕೇ ಒಂದು ಇತಿಹಾಸದ ವಿಷಯವನ್ನೇ ತಂದಿದ್ದೇನೆ. ಇದು ಶುರುವಾಗುವುದು ಬಹಳ ದೂರದ ಪರ್ಷಿಯಾ ದೇಶದಲ್ಲಿ, ಮುಗಿಯುವುದು ನಮ್ಮ ಕೇರಿಯಲ್ಲಿ. ಸ್ವಲ್ಪ ತಾಳ್ಮೆಯಿಂದ ಓದಿ.

ಪರೀಕ್ಷೆಯಲ್ಲಿ ಬರುವ ಒಂದು ಪ್ರಶ್ನೆ

ನಮ್ಮ ಪರೀಕ್ಷೆಗಳಲ್ಲಿ ಒಂದು ಜಾತಿಯ ಪ್ರಶ್ನೆ ಯಾವಾಗಲೂ ಇರುತ್ತದೆ. "ಈ ವಂಶದ ಸ್ಥಾಪಕ ಯಾರು? ಕೊನೆಯ ದೊರೆ ಯಾರು?" ಒಂದೊಂದು ಅಂಕದ ಪ್ರಶ್ನೆ. ಹಾಗೆ ಬಾಯಿಪಾಠ ಮಾಡಿದ ಹೆಸರುಗಳಲ್ಲಿ ಒಂದು ಮೂರನೆಯ ಡೇರಿಯಸ್. ಪ್ರಾಚೀನ ಪರ್ಷಿಯಾದ ಅಕೀಮೆನಿಡ್ ವಂಶದ ಕೊನೆಯ ಚಕ್ರವರ್ತಿ. ಆ ರಾಜ್ಯ ಸಣ್ಣದಲ್ಲ. ಒಂದು ಕಾಲಕ್ಕೆ ನಮ್ಮ ಸಿಂಧೂ ನದಿಯ ಕಡೆಯಿಂದ ಈಜಿಪ್ಟಿನ ತನಕ ಹರಡಿಕೊಂಡಿದ್ದ ಸಾಮ್ರಾಜ್ಯ ಅದು.

ಡೇರಿಯಸ್ ಸಿಂಹಾಸನಕ್ಕೆ ಬಂದದ್ದು ಕ್ರಿ.ಪೂ. 336ರಲ್ಲಿ. ಅವನಿಗಿಂತ ಮುಂಚಿನ ಇಬ್ಬರು ದೊರೆಗಳು ಅರಮನೆಯ ಒಳಗೇ ಸತ್ತಿದ್ದರು. ಬಗೋಅಸ್ ಎಂಬ ಆಸ್ಥಾನದ ಅಧಿಕಾರಿ ವಿಷ ಹಾಕಿ ಕೊಂದ ಅಂತ ಗ್ರೀಕರು ಬರೆದಿದ್ದಾರೆ. ಆಮೇಲೆ ಅಲೆಗ್ಸಾಂಡರ್ ಬಂದ. ಕ್ರಿ.ಪೂ. 333ರಲ್ಲಿ ಇಸ್ಸಸ್ ಎಂಬಲ್ಲಿ ಡೇರಿಯಸ್ ಸೋತ. ಅವನ ತಾಯಿ, ಹೆಂಡತಿ, ಹೆಣ್ಣುಮಕ್ಕಳು ಸೆರೆ ಸಿಕ್ಕರು. 331ರಲ್ಲಿ ಗೌಗಮೇಲ ಎಂಬಲ್ಲಿ ಮತ್ತೆ ಸೋತ. 330ರಲ್ಲಿ ಪೂರ್ವದ ಕಡೆಗೆ ಓಡಿಹೋಗುತ್ತಿದ್ದಾಗ ಅವನ ಕೈಕೆಳಗಿನ ಪ್ರಾಂತ್ಯಾಧಿಕಾರಿ ಬೆಸ್ಸಸ್ ಮತ್ತು ಜೊತೆಗಾರರೇ ಅವನನ್ನು ಹಿಡಿದು, ಇರಿದು, ದಾರಿಯಲ್ಲಿ ಬಿಟ್ಟುಹೋದರು. ಅಲೆಗ್ಸಾಂಡರ್ ಆ ಹೆಣಕ್ಕೆ ರಾಜಮರ್ಯಾದೆ ಮಾಡಿಸಿ ಪರ್ಸೆಪೊಲಿಸ್‌ಗೆ ಕಳಿಸಿದ. ಅದೇ ವರ್ಷ ಅದೇ ಪರ್ಸೆಪೊಲಿಸ್‌ನ ಅರಮನೆಯನ್ನು ಸುಟ್ಟವನೂ ಅವನೇ!

ಇದನ್ನು ಓದುವಾಗ ಪುಸ್ತಕದಲ್ಲಿ ಡೇರಿಯಸ್ ಒಬ್ಬ ಹೇಡಿ ಅನ್ನುವ ಹಾಗೆ ಬರುತ್ತದೆ. ಎರಡು ಸಲವೂ ಯುದ್ಧಭೂಮಿಯಿಂದ ಓಡಿಹೋದವನು ಅಂತ. ನಾನೂ ಹಾಗೇ ನಂಬಿದ್ದೆ. ಆಮೇಲೆ ಒಂದು ವಿಷಯ ತಿಳಿಯಿತು. ಈ ಕಥೆ ಬರೆದವರೆಲ್ಲ ಗ್ರೀಕರು ಮತ್ತು ರೋಮನ್ನರು. ಅಂದರೆ ಗೆದ್ದವರ ಕಡೆಯವರು. ನಾವು ಹೆಚ್ಚು ನಂಬುವ ಅರಿಯನ್ ಎಂಬ ಲೇಖಕ ಇದ್ದದ್ದು ಕ್ರಿ.ಶ. ಎರಡನೇ ಶತಮಾನದಲ್ಲಿ. ಡೇರಿಯಸ್ ಸತ್ತು 400 ವರ್ಷಕ್ಕೂ ಹೆಚ್ಚು ಆದ ಮೇಲೆ. ಸೋತ ಪರ್ಷಿಯನ್ನರು ತಮ್ಮ ಕೊನೆಯ ದೊರೆಯ ಬಗ್ಗೆ ಬರೆದ ಒಂದು ಚರಿತ್ರೆಯೂ ಉಳಿದಿಲ್ಲ.

ಆದರೆ ಬ್ಯಾಬಿಲೋನಿನಲ್ಲಿ ಆಕಾಶ ನೋಡುವ ಪಂಡಿತರಿದ್ದರು. ಚಂದ್ರ ಎಲ್ಲಿದ್ದಾನೆ, ಯಾವ ಗ್ರಹ ಎಲ್ಲಿದೆ, ಧಾನ್ಯದ ಬೆಲೆ ಎಷ್ಟು ಅಂತ ಹಸಿ ಜೇಡಿಮಣ್ಣಿನ ಹಲಗೆ ಮೇಲೆ ಗೀರಿ ಬರೆದಿಡುತ್ತಿದ್ದರು. ಅಂಥ ಒಂದು ಹಲಗೆಯಲ್ಲಿ ಗೌಗಮೇಲ ಯುದ್ಧದ ಮಾತೂ ಇದೆ. ಆ ಹಲಗೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದನ್ನು ಓದಿದ ವಿದ್ವಾಂಸರು ಹೇಳುವ ಪ್ರಕಾರ, ಅಲ್ಲಿ ರಾಜ ಸೈನ್ಯವನ್ನು ಬಿಟ್ಟು ಓಡಲಿಲ್ಲ. ಸೈನ್ಯವೇ ರಾಜನನ್ನು ಬಿಟ್ಟುಹೋಯಿತು. ನೋಡಿ, ಅಂಗೈ ಅಗಲದ ಒಂದು ಮಣ್ಣಿನ ತುಂಡು ಎಷ್ಟೋ ಪುಸ್ತಕಗಳ ಮಾತನ್ನು ಅನುಮಾನಕ್ಕೆ ಹಾಕಿತು.

ಆ ದಿನ ನನಗೆ ಬಂದ ಯೋಚನೆ ಇದು. ಮೂರು ಸಾವಿರ ಕಿಲೋಮೀಟರ್ ಆಚೆ ಇರುವ ಪರ್ಷಿಯಾದ ಕೊನೆಯ ದೊರೆ ಯಾರು ಅಂತ ನನಗೆ ಗೊತ್ತು. ನಮ್ಮ ಅಮರಾಪುರದ ಮಗ್ಗುಲಲ್ಲೇ ಒಂದು ರಾಜಧಾನಿ ಇತ್ತಲ್ಲ, ಅದರ ಕೊನೆಯ ದೊರೆ ಯಾರು? ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಾ?

ನಮ್ಮ ಮಗ್ಗುಲ ರಾಜಧಾನಿ

ನಾನು ಹೇಳುತ್ತಿರುವುದು ಹೇಮಾವತಿಯ ಬಗ್ಗೆ. ನಮ್ಮ ಮಂಡಲದ್ದೇ ಊರು. ಶಿವರಾತ್ರಿ ಜಾತ್ರೆಗೆ ನಾವೆಲ್ಲ ಹೋಗುವ ಊರು. ಸಿದ್ದೇಶ್ವರನ ಗುಡಿಯಲ್ಲಿ ಲಿಂಗ ಇಲ್ಲ, ಶಿವ ಮನುಷ್ಯ ರೂಪದಲ್ಲೇ ಕೂತಿದ್ದಾನೆ. ಜನ ಹೆಂಜೇರಪ್ಪ ಅಂತಲೂ ಕರೆಯುತ್ತಾರೆ. ಆ 'ಹೆಂಜೇರು' ಎನ್ನುವುದೇ ಊರಿನ ಹಳೆಯ ಹೆಸರು. ಶಾಸನಗಳಲ್ಲಿ 'ಪೆಂಜೆರು' ಎಂದು ಬರುತ್ತದೆ. ಹಳೆಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆಗುತ್ತದೆ ಅಂತ ಕನ್ನಡ ಮೇಷ್ಟ್ರು ಹೇಳಿದ್ದು ನೆನಪಿದೆಯಲ್ಲ, ಪಾಲು ಹಾಲಾದ ಹಾಗೆ ಪೆಂಜೆರು ಹೆಂಜೇರು ಆಯಿತು.

ಇಲ್ಲಿಂದ ಆಳಿದವರು ನೊಳಂಬರು. ಕ್ರಿ.ಶ. ಎಂಟನೇ ಶತಮಾನದಿಂದ ಹನ್ನೊಂದನೇ ಶತಮಾನದ ತನಕ ಇವರ ಹೆಸರು ಶಾಸನಗಳಲ್ಲಿ ಕಾಣುತ್ತದೆ. ಇವರ ನಾಡಿಗೆ ನೊಳಂಬವಾಡಿ 32,000 ಅಂತ ಹೆಸರು. ಈಗಿನ ತುಮಕೂರು, ಚಿತ್ರದುರ್ಗ, ಕೋಲಾರ, ಅನಂತಪುರ, ಬಳ್ಳಾರಿ ಭಾಗಗಳು, ಒಂದು ಕಾಲಕ್ಕೆ ತಮಿಳುನಾಡಿನ ಧರ್ಮಪುರಿಯೂ ಇವರ ಕೈಯಲ್ಲಿತ್ತು. ಅಲ್ಲಿ ಮಹೇಂದ್ರ ಎಂಬ ನೊಳಂಬ ದೊರೆಯ ಕ್ರಿ.ಶ. 878 ಮತ್ತು 893ರ ಶಾಸನಗಳಿವೆ. ಕೋಲಾರ ಜಿಲ್ಲೆಯ ಆವಣಿಯ ಗುಡಿಗಳು, ತಿಪಟೂರು ತಾಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಇವರ ಕಾಲದವು. ಅಂದರೆ ಇವತ್ತು ಮೂರು ರಾಜ್ಯಗಳಿಗೆ ಹಂಚಿಹೋಗಿರುವ ನೆಲಕ್ಕೆ ನಮ್ಮ ಹೇಮಾವತಿ ರಾಜಧಾನಿಯಾಗಿತ್ತು.

ನಾವು ಗಡಿನಾಡಿನವರು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು. ಮೊದಲು ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. "ನಾವು ಯಾವ ಕಡೆಗೂ ಸೇರದವರು, ಒಂದು ಮೂಲೆಯವರು" ಅಂತ ನಾವೇ ಮಾತಾಡಿಕೊಳ್ಳುತ್ತೇವೆ. ಸಾವಿರ ವರ್ಷದ ಹಿಂದೆ ಇದು ಮೂಲೆ ಆಗಿರಲಿಲ್ಲ, ನಡುಮನೆ ಆಗಿತ್ತು. ನಾಡಿನ ಗಡಿ ಮನುಷ್ಯರು ಎಳೆದದ್ದು, ಅದು ಬದಲಾಗುತ್ತಾ ಬಂದಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಒಬ್ಬರಿಗೊಬ್ಬರು ಯಮ

ಈಗ ಕೊನೆಯ ದೊರೆಯ ಪ್ರಶ್ನೆಗೆ ಬರೋಣ. ಇದರ ಉತ್ತರ ಹುಡುಕಲು ಹೋದರೆ ಮೊದಲು ಸಿಗುವುದು ಬಿರುದುಗಳು.

ನೊಳಂಬರಲ್ಲಿ ದೊಡ್ಡ ಹೆಸರು ಈಗಾಗಲೇ ಹೇಳಿದ ಮಹೇಂದ್ರನದು. ಅವನ ತಾಯಿ ಜಾಯಬ್ಬೆ ತಲಕಾಡಿನ ಗಂಗರ ಮನೆಯ ಹೆಣ್ಣುಮಗಳು. ಮಹೇಂದ್ರ ಕೋಲಾರದ ಕಡೆ ಆಳುತ್ತಿದ್ದ ಬಾಣರನ್ನು ಸೋಲಿಸಿದ. ಬಾಣರು ತಾವು ಮಹಾಬಲಿ ಚಕ್ರವರ್ತಿಯ ಕುಲದವರು ಎಂದು ಹೇಳಿಕೊಳ್ಳುತ್ತಿದ್ದರು. ಅವರನ್ನು ಸೋಲಿಸಿದ ಮಹೇಂದ್ರ 'ಮಹಾಬಲಿಕುಲ ವಿಧ್ವಂಸನ' ಅಂತ ಬಿರುದು ಇಟ್ಟುಕೊಂಡ. ಮಹಾಬಲಿಯ ಕುಲವನ್ನೇ ನಾಶ ಮಾಡಿದವನು ಅಂತ ಅರ್ಥ.

ಮುಂದೆ ಏನಾಯಿತು? ತಾಯಿಯ ತವರು ಮನೆಯಾದ ಗಂಗರ ದೊರೆ ಎರೆಯಪ್ಪನೇ ಮಹೇಂದ್ರನನ್ನು ಮುಗಿಸಿದ. 'ಮಹೇಂದ್ರಾಂತಕ' ಅಂತ ಬಿರುದು ತೆಗೆದುಕೊಂಡ. ಅಂತಕ ಅಂದರೆ ಯಮ. ಮಹೇಂದ್ರನಿಗೆ ಯಮನಾದವನು.

ಆದರೂ ನೊಳಂಬರು ಮುಗಿಯಲಿಲ್ಲ. ಮಹೇಂದ್ರನ ಮಗ ಅಯ್ಯಪದೇವ ಅದೇ ಎರೆಯಪ್ಪನ ಜೊತೆ ರಾಜಿಯಾದ. ಅವನ ಮಕ್ಕಳು ಅಣ್ಣಿಗ ಮತ್ತು ದಿಲೀಪ ಆಳಿದರು. ದಿಲೀಪನಿಗೆ ಇರಿವ ನೊಳಂಬ ಅಂತಲೂ ಹೆಸರು. ಅವನ ಮಗ ನನ್ನಿ ನೊಳಂಬ. ಇವರೆಲ್ಲ ಮಳಖೇಡದ ರಾಷ್ಟ್ರಕೂಟ ಚಕ್ರವರ್ತಿಗಳ ಕೈಕೆಳಗಿನವರು. ಹೇಮಾವತಿಯಲ್ಲಿದ್ದ ಒಂದು ಕಂಬದ ಶಾಸನ ಇವರ ವಂಶಾವಳಿಯನ್ನು ಹೇಳುತ್ತದೆ. ಕಂಚಿಯ ತ್ರಿನಯನ ಪಲ್ಲವನಿಂದ ಶುರುಮಾಡಿ ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ ಅಂತ ಸಾಲಾಗಿ ಬರುತ್ತದೆ. ನಮ್ಮಲ್ಲಿ ಮದುವೆ ಮಾತುಕತೆಗೆ ಕೂತಾಗ ಹಿರಿಯರು ತಲೆತಲೆಮಾರು ಎಣಿಸುತ್ತಾರಲ್ಲ, ಹಾಗೆ.

ಆಮೇಲೆ ಬಂದ ಗಂಗ ದೊರೆ ಮಾರಸಿಂಹ. ಅವನು ಪಟ್ಟಕ್ಕೆ ಬಂದದ್ದು ಕ್ರಿ.ಶ. 963ರ ಸುಮಾರಿಗೆ. ಅವನ ಕಾಲದಲ್ಲಿ ನೊಳಂಬರ ಮೇಲೆ ದೊಡ್ಡ ಯುದ್ಧ ನಡೆಯಿತು. ಗೋನೂರಿನ ಬಯಲಿನಲ್ಲಿ ನಡೆದ ಕಾಳಗದಲ್ಲಿ ಮಾರಸಿಂಹನ ದಂಡನಾಯಕ ಚಾವುಂಡರಾಯ 'ವೀರಮಾರ್ತಾಂಡ' ಎಂಬ ಬಿರುದು ಪಡೆದ. ಹೌದು, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಅದೇ ಚಾವುಂಡರಾಯ. ದೊರೆ ಮಾರಸಿಂಹನಿಗೆ ಸಿಕ್ಕ ಬಿರುದು 'ನೊಳಂಬಕುಲಾಂತಕ'. ನೊಳಂಬರ ಕುಲಕ್ಕೇ ಯಮನಾದವನು! ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕೂಗೆ ಬ್ರಹ್ಮದೇವರ ಕಂಬ ಅಂತ ಇದೆ. ಅದರ ಮೇಲೆ ಮಾರಸಿಂಹನ ಪ್ರಶಸ್ತಿಯನ್ನು ಇವತ್ತಿಗೂ ಓದಬಹುದು.

ಹಾಗಾದರೆ ಪರೀಕ್ಷೆಯ ಉತ್ತರ ಸುಲಭ. ನೊಳಂಬರ ಅಂತ್ಯ, ಮಾರಸಿಂಹನಿಂದ, ಹತ್ತನೇ ಶತಮಾನ. ಒಂದು ಅಂಕ. ಆದರೆ ಈ ಉತ್ತರ ಕೊಟ್ಟವರು ಯಾರು? ಗೆದ್ದವರ ಕಂಬ. ಡೇರಿಯಸ್ಸನ ಕಥೆ ಗ್ರೀಕರು ಹೇಳಿದ ಹಾಗೆ, ನೊಳಂಬರ ಸಾವಿನ ಸುದ್ದಿಯನ್ನು ಗಂಗರು ಹೇಳಿದರು.

ಸತ್ತವರು ಮತ್ತೆ ಕಾಣಿಸಿಕೊಂಡರು

ಶಾಸನ ಓದುತ್ತಾ ಮುಂದೆ ಹೋದರೆ ತಮಾಷೆ ಶುರುವಾಗುತ್ತದೆ. ಕುಲವೇ ನಾಶವಾಯಿತು ಅಂದ ಮೇಲೂ ನೊಳಂಬರು ಕಾಣಿಸಿಕೊಳ್ಳುತ್ತಾರೆ. ಹನ್ನೊಂದನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿ, ಜಗದೇಕಮಲ್ಲ ನೊಳಂಬ ಮುಂತಾದ ಹೆಸರುಗಳಲ್ಲಿ ಅವರು ಆಳುತ್ತಿದ್ದಾರೆ. ಜಗದೇಕಮಲ್ಲ ಎನ್ನುವುದು ಚಾಲುಕ್ಯ ಚಕ್ರವರ್ತಿಯ ಬಿರುದು. ಒಡೆಯನ ಬಿರುದನ್ನು ತಮ್ಮ ಹೆಸರಿನ ಮುಂದೆ ಹಾಕಿಕೊಂಡು ಇವರು ಬದುಕಿಕೊಂಡರು.

ಇನ್ನೂ ಮುಂದೆ ಹೋದರೆ ಚಾಲುಕ್ಯ ಆರನೇ ವಿಕ್ರಮಾದಿತ್ಯನ ತಮ್ಮ ಜಯಸಿಂಹ 'ವೀರ ನೊಳಂಬ ಪಲ್ಲವ ಪೆರ್ಮಾನಡಿ' ಅಂತ ಕರೆಸಿಕೊಳ್ಳುತ್ತಾನೆ. ಅವನು ನೊಳಂಬನೇ ಅಲ್ಲ, ಚಾಲುಕ್ಯರ ಮನೆಯ ಮಗ. ಈ ನಾಡನ್ನು ಆಳಲು ಬಂದವನಿಗೆ ಈ ನಾಡಿನ ಹೆಸರು ಬೇಕಾಯಿತು. ಹನ್ನೆರಡನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ತಾನು ಗೆದ್ದ ನಾಡುಗಳ ಪಟ್ಟಿಯಲ್ಲಿ ನೊಳಂಬವಾಡಿಯನ್ನು ಹೆಮ್ಮೆಯಿಂದ ಸೇರಿಸಿಕೊಂಡ. ತುಮಕೂರು ಕಡೆಯ ನೊಣಬ ಎಂಬ ಸಮುದಾಯದ ಹೆಸರೂ ನೊಳಂಬದಿಂದಲೇ ಬಂದದ್ದು ಅಂತ ಹೇಳುತ್ತಾರೆ. ಕುಲಾಂತಕ ಅಂತ ಬಿರುದು ಹಾಕಿಕೊಂಡರೆ ಕುಲ ಅಂತ್ಯ ಆಗುವುದಿಲ್ಲ.

ಅಷ್ಟೇ ಅಲ್ಲ, ಬಿರುದು ಹಾಕಿಕೊಂಡವನ ಗತಿ ಏನಾಯಿತು ನೋಡಿ. 973ರಲ್ಲಿ ಮಾರಸಿಂಹನ ಒಡೆಯರಾದ ರಾಷ್ಟ್ರಕೂಟರೇ ಉರುಳಿದರು. ಚಾಲುಕ್ಯ ತೈಲಪ ಮೇಲೆದ್ದ. ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರಕ್ಕೆ ಹೋಗಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಅನ್ನ ನೀರು ಬಿಟ್ಟು ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟ. ಅದು 974-75. ಅದಾಗಿ ಮೂವತ್ತು ವರ್ಷದೊಳಗೆ, 1004ರ ಸುಮಾರಿಗೆ, ಗಂಗರ ತಲಕಾಡು ಚೋಳರ ಪಾಲಾಯಿತು. ಬಾಣರಿಗೆ ನೊಳಂಬರು ಯಮ, ನೊಳಂಬರಿಗೆ ಗಂಗರು ಯಮ, ಗಂಗರಿಗೆ ಚೋಳರು ಯಮ.

ಚೋಳರ ಮಾತು ಬಂತು. ತಂಜಾವೂರಿನ ರಾಜರಾಜ ಚೋಳ ತನ್ನ ಶಾಸನಗಳಲ್ಲಿ ಗೆದ್ದ ನಾಡುಗಳ ಪಟ್ಟಿ ಕೊಡುತ್ತಾನೆ. ಗಂಗಪಾಡಿ, ನುಳಂಬಪಾಡಿ ಅಂತ ಸಾಲಾಗಿ ಬರುತ್ತದೆ. ಆ ನುಳಂಬಪಾಡಿಯೇ ನಮ್ಮ ನಾಡು. ಅವನ ಮಗ ರಾಜೇಂದ್ರನ ಕಾಲದಲ್ಲಿ ಇಲ್ಲಿನ ಕೆತ್ತನೆ ಕಂಬಗಳನ್ನು ಕಾವೇರಿ ದಡದ ತಿರುವೈಯಾರಿಗೆ ಸಾಗಿಸಿದರು ಅಂತ ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿಯವರು ಗುರುತಿಸಿದ್ದಾರೆ. ಅಲ್ಲಿನ ದೇವಸ್ಥಾನದ ಆವರಣದಲ್ಲಿ ನೊಳಂಬರ ಕೈಚಳಕದ ಕಂಬಗಳು ಇವತ್ತಿಗೂ ನಿಂತಿವೆ. ಹೇಮಾವತಿಯ ಇನ್ನೂ ಕೆಲವು ಶಿಲ್ಪಗಳು ಈ ಕಾಲದಲ್ಲಿ ಚೆನ್ನೈ ಮ್ಯೂಸಿಯಂ ಸೇರಿವೆ. ಉಳಿದವು ನಮ್ಮ ಕಣ್ಣಮುಂದೆ ಇವೆ. ದೊಡ್ಡಪ್ಪನ ಗುಡಿಯ ಕಂಬಗಳನ್ನು, ಕಲ್ಲಿನಲ್ಲಿ ಜಾಲರಿ ಕೊರೆದ ಕಿಟಕಿಗಳನ್ನು, ಎದುರಿನ ಬಸವಣ್ಣನ ಮೈನುಣುಪನ್ನು ಈ ಸಲ ಜಾತ್ರೆಗೆ ಹೋದಾಗ ನಿಂತು ನೋಡಿ.

"ನೊಳಂಬ ನಮ್ಮೋನಾ?"

ಹೋದ ವರ್ಷ ನಾವು ಕೆಲವು ಹುಡುಗರು ಹೇಮಾವತಿಗೆ ಹೋಗಿದ್ದೆವು. ನಾನು ಕಂಬ ತೋರಿಸಿಕೊಂಡು ದೊಡ್ಡ ಮೇಷ್ಟ್ರ ಥರ ಇದನ್ನೆಲ್ಲಾ ಹೇಳುತ್ತಿದ್ದೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಎಲ್ಲಾ ಕೇಳಿಸಿಕೊಂಡು ಕೊನೆಗೆ, "ಅಣ್ಣಾ, ಈ ನೊಳಂಬ ನಮ್ಮೋನಾ?" ಅಂದ. ಎಲ್ಲರೂ ನಕ್ಕರು. ನನಗೆ ಮಾತ್ರ ಬಾಯಿಗೆ ಬೀಗ ಬಿದ್ದ ಹಾಗಾಯಿತು. ಆ ಹುಡುಗನಿಗೆ ಆವತ್ತು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಈಗ ಎಲ್ಲರೂ ರಾಜರನ್ನು ಹಂಚಿಕೊಳ್ಳುವ ಕಾಲ. ಈ ದೊರೆ ನಮ್ಮ ಜಾತಿಯವನು, ಆ ದೊರೆ ನಿಮ್ಮ ಜಾತಿಯವನಲ್ಲ ಅಂತ ಜಗಳ ಆಗುತ್ತದೆ. ನೊಳಂಬ ನಮ್ಮವನು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಆಧಾರ ಇಲ್ಲ, ಅದರ ಅವಶ್ಯಕತೆಯೂ ಇಲ್ಲ. ರಾಜ ಯಾರ ಜಾತಿಯವನಾದರೂ ಯುದ್ಧದಲ್ಲಿ ಸತ್ತವರು, ಕಲ್ಲು ಹೊತ್ತವರು, ಕೆರೆ ಅಗೆದವರು ಬೇರೆ ಜನ. ಅವರನ್ನು ಹುಡುಕೋಣ.

ಸತ್ತವರ ಒಂದು ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಬೇಗೂರಿನಲ್ಲಿ ಸಿಕ್ಕಿದ ವೀರಗಲ್ಲು. ನಮ್ಮ ಅಯ್ಯಪದೇವನಿಗೆ ವೀರಮಹೇಂದ್ರ ಎಂಬುವನ ಜೊತೆ ಯುದ್ಧ ಬಿದ್ದಾಗ ಗಂಗ ಎರೆಯಪ್ಪ ಸಹಾಯಕ್ಕೆ ನಾಗತ್ತರ ಎಂಬ ಸರದಾರನನ್ನು ಕಳಿಸಿದ. ತುಂಬೆಪಾಡಿಯಲ್ಲಿ ಆನೆಗಳ ಎದುರು ಹೋರಾಡಿ ನಾಗತ್ತರ ಸತ್ತ. ಎರೆಯಪ್ಪ ಆ ನಾಗತ್ತರ ಪದವಿಯನ್ನು ಇರುಗ ಎಂಬುವನಿಗೆ ಕಟ್ಟಿ, ಬೆಂಪೂರು-12 ಎಂಬ ಹಳ್ಳಿಗಳನ್ನು ಬಿಟ್ಟುಕೊಟ್ಟ. ಕಲ್ಲಿನ ಮೇಲೆ ಕುದುರೆ, ಆನೆ, ಬಿದ್ದ ಹೆಣಗಳು ಎಲ್ಲಾ ಇವೆ. ಸರದಾರನ ಹೆಸರಿದೆ. ಅವನ ಕಾಲ ಕೆಳಗೆ ಬಿದ್ದಿರುವ ಕಾಲಾಳುಗಳಿಗೆ ಹೆಸರಿಲ್ಲ.

ಇನ್ನು ಕೇರಿಯ ಸುದ್ದಿ. ನಮ್ಮ ನಾಡನ್ನು ಗೆದ್ದ ರಾಜರಾಜ ಚೋಳ 1010ರಲ್ಲಿ ತಂಜಾವೂರಿನ ದೊಡ್ಡ ಗುಡಿ ಮುಗಿಸಿದ. ಆ ಗುಡಿಯ ಕಲ್ಲುಗಳ ಮೇಲೆ ದೇವರಿಗೆ ಬಿಟ್ಟ ಹಳ್ಳಿಗಳ ಲೆಕ್ಕ ಇದೆ. ಹಳ್ಳಿಯ ಒಟ್ಟು ನೆಲ ಇಷ್ಟು, ಅದರಲ್ಲಿ ತೆರಿಗೆ ಇಲ್ಲದ ಜಾಗ ಅಂತ ಕಳೆಯಬೇಕಾದ್ದು ಇಷ್ಟು ಅಂತ ಬರೆದಿದ್ದಾರೆ. ಆ ಕಳೆಯುವ ಪಟ್ಟಿಯಲ್ಲಿ ಊರು, ಗುಡಿ, ಕೆರೆ, ಕಾಲುವೆಗಳ ಜೊತೆ ಪರೈಚ್ಚೇರಿ ಇದೆ. ತೀಂಡಾಚ್ಚೇರಿ ಇದೆ. ತೀಂಡಾ ಅಂದರೆ ಮುಟ್ಟಬಾರದ. ಪರೈಯರ ಸುಡುಗಾಡು ಅಂತ ಬೇರೆಯೇ ಇದೆ. ಸಾವಿರ ವರ್ಷದ ಹಿಂದೆ ಬದುಕುವುದಕ್ಕೂ ಬೇರೆ ಜಾಗ, ಸುಡುವುದಕ್ಕೂ ಬೇರೆ ಜಾಗ. ಚಿನ್ನದ ಆಭರಣಗಳ ತೂಕ, ದೇವರ ಸೇವೆಗೆ ಬಂದ 400 ನರ್ತಕಿಯರ ಹೆಸರು ಮತ್ತು ಮನೆ ಸಹಿತ ಬರೆದಿಟ್ಟ ಗುಡಿ ಅದು. ಅಂಥ ಗುಡಿಯಲ್ಲಿ ನಮ್ಮಂಥವರು ಬರುವುದು ಲೆಕ್ಕದಿಂದ ಕಳೆಯಬೇಕಾದ ನೆಲವಾಗಿ.

ಈ ಭಾಗ ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ನಿಧಾನವಾಗಿ ಇನ್ನೊಂದು ಯೋಚನೆಯೂ ಬಂತು. ನೊಳಂಬರು ಹೋದರು. ಗಂಗರು, ಚೋಳರು, ಹೊಯ್ಸಳರು ಹೋದರು. ವಿಜಯನಗರದವರು ಬಂದು ಹೋದರು, ಪಾಳೇಗಾರರು ಹೋದರು, ಇಂಗ್ಲಿಷರೂ ಹೋದರು. ಪ್ರತಿಯೊಂದು ವಂಶಕ್ಕೂ ಒಬ್ಬ ಕೊನೆಯ ದೊರೆ ಇದ್ದಾನೆ. ಕೇರಿ ಮಾತ್ರ ಹಾಗೇ ಇದೆ. ಇದು ನಮ್ಮ ಗಟ್ಟಿತನಕ್ಕೂ ಸಾಕ್ಷಿ, ಈ ದೇಶದ ಅನ್ಯಾಯಕ್ಕೂ ಸಾಕ್ಷಿ. ರಾಜರು ಬದಲಾದಾಗ ಊರ ಹೆಸರು ಬದಲಾಯಿತು, ತೆರಿಗೆ ವಸೂಲಿ ಮಾಡುವವನು ಬದಲಾದ, ಕೇರಿಯ ಜಾಗ ಬದಲಾಗಲಿಲ್ಲ. ಅದಕ್ಕೇ ಬಾಬಾಸಾಹೇಬರು ರಾಜ ಬದಲಾದರೆ ಸಾಲದು, ಕಾನೂನೇ ಬದಲಾಗಬೇಕು ಅಂತ ದುಡಿದರು. 1950ರ ಜನವರಿ 26ರಿಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ತಂಜಾವೂರಿನ ಕಲ್ಲಿನ ಮೇಲಿದ್ದ 'ತೀಂಡಾ' ಎಂಬ ಪದಕ್ಕೆ 940 ವರ್ಷಗಳ ನಂತರ ಬಂದ ಉತ್ತರ ಅದು.

ನಮ್ಮವರು ಓದಿದ ಒಂದು ಕಲ್ಲು

ಕಲ್ಲನ್ನು ಓದುವುದರಿಂದ ಏನು ಲಾಭ ಅಂತ ಯಾರಾದರೂ ಕೇಳಿದರೆ ಕೋರೆಗಾಂವ್ ನೆನಪಿಸಿ. ಪುಣೆಯ ಹತ್ತಿರ ಭೀಮಾ ನದಿಯ ದಡದಲ್ಲಿ 1818ರ ಜನವರಿ 1ರಂದು ಇಂಗ್ಲಿಷರ ಸಣ್ಣ ತುಕಡಿಗೂ ಪೇಶ್ವೆಯ ದೊಡ್ಡ ಸೈನ್ಯಕ್ಕೂ ಕಾಳಗ ನಡೆಯಿತು. ಅದೇ ವರ್ಷ ಜೂನ್‌ನಲ್ಲಿ ಪೇಶ್ವೆ ಎರಡನೇ ಬಾಜಿರಾವ್ ಶರಣಾದ. ಅವನೇ ಕೊನೆಯ ಪೇಶ್ವೆ. ಆ ಪೇಶ್ವೆಗಳ ರಾಜ್ಯದಲ್ಲಿ ನಮ್ಮಂಥವರು ಉಗುಳಲು ಕುತ್ತಿಗೆಗೆ ಮಡಕೆ, ಹೆಜ್ಜೆ ಗುರುತು ಅಳಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ.

ಇಂಗ್ಲಿಷರು ತಮ್ಮ ಗೆಲುವಿಗಾಗಿ ಅಲ್ಲಿ ಕಂಬ ನಿಲ್ಲಿಸಿದರು. ಅದರ ಮೇಲೆ ಸತ್ತ ಸಿಪಾಯಿಗಳ ಹೆಸರು ಕೊರೆಸಿದರು. ಅದರಲ್ಲಿ 'ನಾಕ್' ಎಂದು ಕೊನೆಯಾಗುವ 20ಕ್ಕೂ ಹೆಚ್ಚು ಹೆಸರುಗಳಿವೆ. ಅವು ಮಹಾರ್ ಸಿಪಾಯಿಗಳ ಹೆಸರುಗಳು. ನೂರು ವರ್ಷ ಕಾಲ ಆ ಕಂಬ ಬೇರೆಯವರ ಕಂಬವಾಗಿಯೇ ನಿಂತಿತ್ತು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ನಿಂತರು. ಅಲ್ಲಿಂದ ಈಚೆಗೆ ಲಕ್ಷಾಂತರ ಜನ ಹೋಗುತ್ತಾರೆ. ಕಂಬ ಅದೇ, ಅಕ್ಷರವೂ ಅದೇ. ಓದಿದವರು ಬದಲಾದರು.

ಬೇಗೂರಿನ ಕಲ್ಲಿನಲ್ಲಿ ಕಾಲಾಳುಗಳಿಗೆ ಹೆಸರಿಲ್ಲ, ಕೋರೆಗಾಂವ್ ಕಂಬದಲ್ಲಿ ಇದೆ. ಹೆಸರು ಇದ್ದ ಕಾರಣಕ್ಕೇ ಮೊಮ್ಮಕ್ಕಳ ಮೊಮ್ಮಕ್ಕಳು ಹೋಗಿ ಹೂವು ಇಡುತ್ತಿದ್ದಾರೆ. ಹೆಸರು ಬರೆದಿಡುವುದು ಅಂದರೆ ಇಷ್ಟು ದೊಡ್ಡ ಕೆಲಸ.

ಆ ಹುಡುಗನಿಗೆ ಉತ್ತರ

ತಮ್ಮಾ, ನೊಳಂಬ ನಮ್ಮವನೋ ಅಲ್ಲವೋ ಗೊತ್ತಿಲ್ಲ. ಆದರೆ ಹೇಮಾವತಿ ನಮ್ಮದು. ಆ ಕಲ್ಲು ಓದುವ ಹಕ್ಕು ನಮ್ಮದು. ಅಲ್ಲಿ ಏನು ಬರೆದಿದೆ ಎನ್ನುವುದರ ಜೊತೆಗೆ ಏನು ಬರೆದಿಲ್ಲ ಅಂತ ಕೇಳುವ ಹಕ್ಕೂ ನಮ್ಮದೇ. ಕೊನೆಯ ದೊರೆ ಯಾರು ಅಂತ ಪರೀಕ್ಷೆಯಲ್ಲಿ ಕೇಳಿದರೆ ಪುಸ್ತಕದಲ್ಲಿರುವ ಉತ್ತರವನ್ನೇ ಬರಿ, ಅಂಕ ಬಿಡಬೇಡ. ಬರೆದು ಮುಗಿದ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೋ. ಇದನ್ನು ಹೇಳಿದವರು ಯಾರು?

ಓದುಗರಲ್ಲಿ ನನ್ನ ಕೋರಿಕೆ ಎರಡೇ.

ಒಂದು. ನಮ್ಮ ಸುತ್ತಮುತ್ತಲ ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ, ಹಾಳು ಗುಡಿಯ ಪಕ್ಕ ಕೆತ್ತನೆಯ ಕಲ್ಲು, ಅಕ್ಷರದ ಕಲ್ಲು ಕಂಡರೆ ಅದನ್ನು ಪಾಯಕ್ಕೆ ಹಾಕಬೇಡಿ, ಬಟ್ಟೆ ಒಗೆಯಲು ಬಳಸಬೇಡಿ, ನಿಧಿ ಇದೆ ಅಂತ ಅಗೆಯುವವರಿಗೆ ಬಿಡಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಯಾವ ಊರು, ಯಾರ ಹೊಲದ ಹತ್ತಿರ ಅಂತ ಬರೆದು ಸಂಘಕ್ಕೆ ಕೊಡಿ. ಓದಬಲ್ಲವರಿಗೆ ತೋರಿಸೋಣ. ಬ್ಯಾಬಿಲೋನಿನ ಆ ಮಣ್ಣಿನ ತುಂಡು ನೆನಪಿದೆಯಲ್ಲ, ಯಾವ ಕಲ್ಲಿನಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಎರಡು. ನಮ್ಮ ಕೇರಿಯಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದಾರೆ. ಅವರಿಗೆ ಗೊತ್ತಿರುವುದು ಯಾವ ಶಾಸನದಲ್ಲೂ ಇಲ್ಲ. ಕೆರೆಗೆ ಮಣ್ಣು ಹೊತ್ತವರು ಯಾರು, ಮೊದಲು ಸ್ಕೂಲಿಗೆ ಹೋದವರು ಯಾರು, ಯಾವ ಬರಗಾಲದಲ್ಲಿ ಯಾರ ಮನೆ ಗುಳೆ ಹೋಯಿತು, ಮೊದಲ ಸಲ ವೋಟು ಹಾಕಿದ ದಿನ ಹೇಗಿತ್ತು, ನಮ್ಮವರ ಸುಡುಗಾಡಿಗೆ ದಾರಿ ಸಿಕ್ಕಿದ್ದು ಯಾವಾಗ. ಅವರು ಹೋದರೆ ಅದೂ ಹೋಗುತ್ತದೆ. ಸಂಘದಿಂದ ಒಂದು ದಪ್ಪ ನೋಟ್‌ಬುಕ್ ತರೋಣ. ಭಾನುವಾರ ಭಾನುವಾರ ಒಂದೊಂದು ಮನೆಯ ಮುಂದೆ ಕೂತು ಕೇಳಿ ಬರೆಯೋಣ. ತಲೆಮಾರಿನ ಹೆಸರುಗಳನ್ನು ಮೊದಲು ಬರೆಯೋಣ, ಹೆಂಗಸರ ಹೆಸರನ್ನೂ ಬಿಡದೆ. ಜಾಯಬ್ಬೆಯ ಹೆಸರು ಸಾವಿರದ ನೂರು ವರ್ಷ ಉಳಿದಿದೆ, ನಮ್ಮ ಮುತ್ತಜ್ಜಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮುಂದಿನ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಆ ನೋಟ್‌ಬುಕ್ಕಿನಿಂದ ನಾಲ್ಕು ಪುಟ ಅಚ್ಚಾದರೆ ಸಾಕು. ಹೆಂಜೇರಿನ ದೊರೆಗಳು ತಮ್ಮ ವಂಶಾವಳಿಯನ್ನು ಕಂಬದ ಮೇಲೆ ಬರೆಸಿದರು. ನಾವು ನಮ್ಮದನ್ನು ಪೇಪರಿನ ಮೇಲೆ ಬರೆಯೋಣ. ಮೊದಲನೇ ಭಾನುವಾರ ನಮ್ಮ ಮನೆಯಿಂದಲೇ ಶುರುಮಾಡುತ್ತೇನೆ, ನಮ್ಮಜ್ಜಿ ಒಪ್ಪಿದ್ದಾಳೆ. ಪೆನ್ನು ತಗೊಂಡು ಬನ್ನಿ.

ಜೈ ಭೀಮ್.